ಬಿಸ್ಕೆಟಿನ ಪೆಟ್ಟಿಗೆ, ಧಕ್ಕೆಯ ಬಂಗುಡೆ

ಮಂಗಳೂರಿನ ಹೊರಗೆ ನಾವು ನಡೆಸುವ ಆಶ್ರಯದಲ್ಲಿ ಈಗ 22 ಬೆಕ್ಕುಗಳಿವೆ. ಮೊದಲ ವರ್ಷ ನನಗೆ ಶುಚಿಯದ್ದೇ ಹುಚ್ಚು. ಬೆಳಗಾದರೆ ಒಂದೊಂದೇ ಬೆಕ್ಕನ್ನು ಗೂಡಿನಿಂದ ಎಳೆದು ಹೊರಗೆ ಹಾಕುವುದು, ಫಿನೈಲ್ ಸುರಿದು ಗೂಡು ತಿಕ್ಕುವುದು, ಒಗೆದ ಬಟ್ಟೆ ಹಾಸಿ ಮತ್ತೆ ಒಳಗೆ ತಳ್ಳುವುದು. ನೋಡಲು ಬಂದವರು ಮೆಚ್ಚಿಕೊಳ್ಳುತ್ತಿದ್ದರು. ಬೆಕ್ಕುಗಳು ಮಾತ್ರ ಸೀನುತ್ತಿದ್ದವು.

ಗಟ್ಟಿಮುಟ್ಟಾಗಿ ಬಂದ ಬೆಕ್ಕಿಗೂ ವಾರದೊಳಗೆ ಕಣ್ಣಲ್ಲಿ ಪಿಸುರು, ಮೂಗು ಕಟ್ಟಿ ಊಟವಿಲ್ಲ. ನಾನು ಫಿನೈಲ್ ಇನ್ನೂ ಜಾಸ್ತಿ ಮಾಡಿದೆ. ಡಾಕ್ಟ್ರು ಒಳಗೆ ಬಂದವರೇ ಮೂಗು ಮುಚ್ಚಿಕೊಂಡರು. ಕರಿ ಫಿನೈಲಿನಲ್ಲಿರುವಂಥ ವಿಷವನ್ನು ಕಳೆದುಕೊಳ್ಳುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಹೊಟ್ಟೆಗೆ ಹೋಗುತ್ತದೆ ಎಂದರು. ಸೀನಿನ ವಿಷಯ ಕೇಳಿ ನನಗೆ ನಾಚಿಕೆಯಾಯಿತು. ಬೆಕ್ಕಿನ ಹರ್ಪಿಸ್ ವೈರಸ್ ಒಮ್ಮೆ ತಗಲಿದರೆ ಮೈಯಲ್ಲೇ ಅಡಗಿರುತ್ತದಂತೆ, ಜೀವಕ್ಕೆ ಗಾಬರಿಯಾದಾಗ ಎದ್ದು ಬರುತ್ತದಂತೆ. ದಿನಾ ಬೆಳಿಗ್ಗೆ ಗಾಬರಿ ಮಾಡುತ್ತಿದ್ದವಳು ನಾನೇ.

ಆಗ ಕಾಳಿ ಬಂದು ಎರಡು ದಿನವಾಗಿತ್ತು. ಕಕ್ಕಸಿಗೆಂದು ಇಟ್ಟ ಮರಳಿನ ತಟ್ಟೆಯಲ್ಲೇ ಮುದುಡಿ ಕೂತಿರುತ್ತಿದ್ದಳು. ಎಷ್ಟು ಕೊಳಕು ಬೆಕ್ಕು ಅಂದುಕೊಂಡಿದ್ದೆ. ಇಡೀ ಗೂಡಿನಲ್ಲಿ ಮರೆ ಅಂತ ಇದ್ದದ್ದು ಆ ತಟ್ಟೆಯ ನಾಲ್ಕು ಅಂಚು ಮಾತ್ರ! ಜಿನಸಿನ ಅಂಗಡಿಯಿಂದ ಬಿಸ್ಕೆಟಿನ ರಟ್ಟಿನ ಪೆಟ್ಟಿಗೆ ತಂದು ಅಡ್ಡ ಇಟ್ಟೆ. ಕೈ ತೆಗೆಯುವ ಮೊದಲೇ ಒಳಗಿದ್ದಳು. ನೆದರ್ಲ್ಯಾಂಡ್ಸಿನ ಆಶ್ರಯವೊಂದರಲ್ಲಿ ಇದನ್ನೇ ಪರೀಕ್ಷಿಸಿ 2014ರಲ್ಲಿ ವರದಿ ಬಂದಿದೆ: ಅಡಗಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಬೇಗ ಹೊಂದಿಕೊಂಡವು.

ಕಾಳಿ ಊಟ ಮಾತ್ರ ಮುಟ್ಟಲಿಲ್ಲ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಕೆಲಸಕ್ಕೆ ಬರುವ ಅಕ್ಕ ನನ್ನನ್ನೇ ಬೈದರು: "ಅದಕ್ಕೆ ವಾಸನೆಯೇ ಗೊತ್ತಾಗುವುದಿಲ್ಲ ಮಾರಾಯ್ರೆ, ಮತ್ತೆ ತಿನ್ನುವುದು ಹೇಗೆ?" ದೋಣಿಗಳು ಮೀನು ಇಳಿಸುವ ಧಕ್ಕೆಯಿಂದ ತಂದ ಬಂಗುಡೆಯನ್ನು ಉಪ್ಪು ಖಾರ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಹಬೆಯಾಡುವಾಗಲೇ ಪೆಟ್ಟಿಗೆಯ ಬಾಯಿಗೆ ಹಿಡಿದರು. ಮೊದಲು ಮೂಗು ಆಡಿತು, ಆಮೇಲೆ ನಾಲಿಗೆ.

ಈಗ ಬೆಕ್ಕು ಗೂಡಿನಲ್ಲೇ ಇರುತ್ತದೆ, ಗಲೀಜಾದ ಕಡೆ ಮಾತ್ರ ಒರೆಸುತ್ತೇವೆ. ಅದರದೇ ವಾಸನೆಯ ಬಟ್ಟೆ ಒದ್ದೆಯಾದರಷ್ಟೇ ಬದಲು. ಜುಲೈ ಮಳೆಯಲ್ಲಿ ಒಗೆದದ್ದು ಹೇಗೂ ಒಣಗುವುದಿಲ್ಲ. ಸೀನು ನಿಂತೇ ಹೋಯಿತು ಅನ್ನಲಾರೆ, ಆದರೆ ಕಣ್ಣಿನ ಮುಲಾಮು ತರುವುದು ಬಹಳ ಕಡಿಮೆಯಾಗಿದೆ.

ಎಚ್ಚರ ವಹಿಸಲೇಬೇಕಾದ ಕಡೆ ವಹಿಸದ ತಪ್ಪೂ ನನ್ನದೇ. ಗೇಟಿನ ಬಳಿ ಯಾರೋ ಬಿಟ್ಟುಹೋದ ಐದು ಮರಿಗಳನ್ನು 14 ದಿನ ಬೇರೆ ಇಡಬೇಕಿತ್ತು, ಜಾಗವಿಲ್ಲವೆಂದು ಒಳಗೇ ಸೇರಿಸಿದೆ. ನಾಲ್ಕನೇ ದಿನ ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ, ಕುಡಿಯದೆ ಕೂತವು. ಪ್ಯಾನ್‌ಲ್ಯುಕೋಪೀನಿಯಾ, ಬೆಕ್ಕುಗಳಿಗೆ ಬರುವ ಮಾರಕ ವೈರಸ್ ರೋಗ. ನಾಲ್ಕು ಸತ್ತವು. ಆ ವೈರಸ್ ಫಿನೈಲಿಗೆ ಬಗ್ಗುವಂಥದ್ದಲ್ಲ, ನೆಲದಲ್ಲಿ ವರ್ಷದವರೆಗೂ ಬದುಕುತ್ತದೆ. ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಸೇರಿಸಿ 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಈಗ ಬಂದ ದಿನವೇ ಲಸಿಕೆ ಹಾಕಿಸುತ್ತೇವೆ, ಮರಿಗಳಿಗೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮತ್ತೆ.

ಆ ಗೂಡಿಗೆ ಒಂದು ವರ್ಷ ಯಾವ ಮರಿಯನ್ನೂ ಬಿಡಲಿಲ್ಲ. ಲಸಿಕೆ ಪೂರ್ತಿಯಾದ ಕಾಳಿ ಈಗ ಅಲ್ಲಿದ್ದಾಳೆ, ಪೆಟ್ಟಿಗೆ ಸಮೇತ.