ಬಿಸ್ಮತ್ ನಿಂತ ಕಥೆ

"ಆಮ್ಲದಲ್ಲಿ ಬಿಸ್ಮತ್ ನಿಲ್ಲುವುದಿಲ್ಲ, ದುಡ್ಡು ದಂಡ" ಎಂದವರು ಮೂವರು. ಅವರಲ್ಲಿ ಒಬ್ಬರು ನನ್ನ ಮಾರ್ಗದರ್ಶಕರು. ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ಪೆಲ್ಲಾಡಿಯಂ-ಬಿಸ್ಮತ್ ಲೋಹಗಳ ವೇಗವರ್ಧಕ ಹಾಕಿದ, ಫಾರ್ಮಿಕ್ ಆಮ್ಲದಿಂದ ವಿದ್ಯುತ್ ಕೊಡುವ ಇಂಧನ ಕೋಶ ಒಂದಿಡೀ ರಾತ್ರಿ ಓಡಿದ ಮೇಲೆ ಮೂವರೂ ಕಾಫಿ ಕುಡಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ವೇಗವರ್ಧಕದ ಮೊದಲ ಏಳೆಂಟು ಬ್ಯಾಚ್ ಕೈಕೊಟ್ಟವು. ಅದಕ್ಕೆ ಬೇಕಾದ ಪೆಲ್ಲಾಡಿಯಂ ಕ್ಲೋರೈಡ್ ಆಗ ಗ್ರಾಮಿಗೆ ಐದಾರು ಸಾವಿರ ರೂಪಾಯಿ ಇತ್ತು. ಎರಡು ಗ್ರಾಂ ಹಾಗೆಯೇ ಹೋಯಿತು. ಆ ಕ್ಲೋರೈಡನ್ನು ಲೋಹದ ಕಣವಾಗಿಸುವ ಬೋರೋಹೈಡ್ರೈಡನ್ನು ಆತುರದಿಂದ ಸುರಿಯುತ್ತಿದ್ದೇನೆಂದುಕೊಂಡು, ಬೀಕರನ್ನು ಮಂಜುಗಡ್ಡೆಯಲ್ಲಿಟ್ಟು ಹನಿಹನಿಯಾಗಿ ಬಿಟ್ಟೆ. ಕಣ ಸಣ್ಣದಾಯಿತು, ವಿದ್ಯುತ್ ಏರಲಿಲ್ಲ. ಕಳ್ಳ ಸಿಕ್ಕಿದ್ದು ತೊಳೆದ ನೀರಿನಲ್ಲಿ. ನಾಲ್ಕನೆಯ ಸಲದ ನೀರಿಗೆ ಸಿಲ್ವರ್ ನೈಟ್ರೇಟ್ ಒಂದು ಹನಿ ಹಾಕಿದರೆ ಮಜ್ಜಿಗೆಯಂತೆ ಬೆಳ್ಳಗಾಯಿತು. ಮೈತುಂಬ ಕ್ಲೋರೈಡ್ ಅಂಟಿಸಿಕೊಂಡ ಪೆಲ್ಲಾಡಿಯಂನಲ್ಲಿ ಫಾರ್ಮಿಕ್ ಆಮ್ಲಕ್ಕೆ ಜಾಗವೆಲ್ಲಿ? ಈಗ ಬಿಸಿನೀರಿನಲ್ಲಿ ಹತ್ತು ಹನ್ನೆರಡು ಸಲ, ಆ ಹನಿ ತಿಳಿಯಾಗುವವರೆಗೂ ತೊಳೆಯುತ್ತೇನೆ.

ಎರಡನೆಯ ತಪ್ಪು ಅಭ್ಯಾಸಬಲದ್ದು. ಪ್ರತಿ ಎಲೆಕ್ಟ್ರೋಡನ್ನೂ 1.2 ವೋಲ್ಟ್‌ವರೆಗೆ ಓಡಿಸಿ ಶುಚಿ ಮಾಡುತ್ತಿದ್ದೆ. ಅಷ್ಟರಲ್ಲಿ ಬಿಸ್ಮತ್ ಕರಗಿ ದ್ರಾವಣ ಸೇರುತ್ತಿತ್ತು. ಆಮೇಲೆ ಅಳೆದದ್ದೆಲ್ಲ ಬರೀ ಪೆಲ್ಲಾಡಿಯಂ. ಬೇಡವೆಂದವರೂ ಹೀಗೆಯೇ ಓಡಿಸಿ ನೋಡಿದ್ದರು! 0.6 ದಾಟದಂತೆ ಕಟ್ಟಿಹಾಕಿದ ಮೇಲೆ, ಪೆಲ್ಲಾಡಿಯಂನ ಪ್ರತಿ ಮಿಲಿಗ್ರಾಮಿಗೆ 200 ಮಿಲಿಆಂಪಿಯರ್ ಆಸುಪಾಸಿನಲ್ಲಿದ್ದ ವಿದ್ಯುತ್ 450 ಮುಟ್ಟಿತು. ಬಿಸ್ಮತ್ ಖರ್ಚು ಲೆಕ್ಕಕ್ಕೇ ಇಲ್ಲ. ಕೋಶ ಮಂಕಾದಾಗ ಬರೀ ಪೆಲ್ಲಾಡಿಯಂ ಆದರೆ ಎತ್ತರದ ವೋಲ್ಟೇಜ್ ಕೊಟ್ಟು ಎಬ್ಬಿಸಬಹುದು, ಇದಕ್ಕೆ ಅದು ನಡೆಯದು. ಬೇರೆ ದಾರಿ ಕಂಡುಕೊಂಡಿದ್ದೇನೆ. ಪ್ರಬಂಧ ಅಚ್ಚಾಗುವವರೆಗೆ ಬಾಯಿ ಬಿಡುವುದಿಲ್ಲ. ಬಿಸ್ಮತ್ ಹಾಕುವ ಹೊತ್ತು ಯಾವುದೆಂಬುದನ್ನೂ ಸದ್ಯಕ್ಕೆ ಕೇಳಬೇಡಿ.

ನಡುವೆ ಒಂದು ಹುಚ್ಚು. ಮಂಡ್ಯದ ಕಡೆಯ ನಮ್ಮೂರಿನ ಆಲೆಮನೆಯಿಂದ ಒಂದು ಚೀಲ ಕಬ್ಬಿನ ಸಿಪ್ಪೆ ತಂದೆ. "ಇದನ್ನು ಸುಡುವುದಕ್ಕೆ ಮೈಸೂರಿಗೆ ಯಾಕಪ್ಪ, ನಾವು ದಿನವೂ ಒಲೆಗೆ ಹಾಕುತ್ತೇವಲ್ಲ" ಎಂದರು ದೊಡ್ಡಪ್ಪ. ಕಾಸ್ಟಿಕ್ ಪೊಟ್ಯಾಷ್ ಬೆರೆಸಿ, ಸುಟ್ಟು ಇಂಗಾಲ ಮಾಡಿ, ಪೆಲ್ಲಾಡಿಯಂ ಕಣಗಳನ್ನು ಹೊರುವ ವಲ್ಕನ್ ಎಂಬ ಕೊಂಡುತಂದ ಇಂಗಾಲದ ಪುಡಿಯ ಬದಲು ಬಳಸಿದೆ. ರಂಧ್ರಗಳು ತೀರ ಕಿರಿದು. ಪೆಲ್ಲಾಡಿಯಂ ಒಳಗೆ ಹೋಗಿ ಅವಿತುಕೊಂಡಿತು, ಪ್ರೋಟಾನ್ ಸಾಗಿಸುವ ನ್ಯಾಫಿಯಾನ್ ಪಾಲಿಮರ್ ಅಲ್ಲಿಗೆ ತಲುಪಲೇ ಇಲ್ಲ. ದೊಡ್ಡಪ್ಪನ ಮಾತೇ ಸರಿ.

ಸುಳ್ಯದ ಗೆಳೆಯನೊಬ್ಬ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲ ಅಗ್ಗವೆಂದು ಒಂದು ಕ್ಯಾನ್ ಕಳಿಸಿದ. ಅದರಲ್ಲಿ ಕೋಶ ಅರ್ಧ ಗಂಟೆಗೇ ಮಲಗಿತು. ಕ್ಯಾನ್ ಇನ್ನೂ ಮೇಜಿನ ಕೆಳಗಿದೆ, ಒಮ್ಮೆ ಬಟ್ಟಿ ಇಳಿಸಿ ನೋಡಬೇಕು.