ಎಲೆ ಒಣಗಿದ ಮೇಲೆ ಬಾ

ನಾನು ಮೊದಲು ಕೊಂಡ ಆರು ಲಿಲ್ಲಿ ಗಡ್ಡೆಗಳಲ್ಲಿ ಈಗ ಒಂದೂ ಉಳಿದಿಲ್ಲ. ಏಷಿಯಾಟಿಕ್ ಲಿಲ್ಲಿ, ಹಳದಿ ಮೂರು, ಕೆಂಪು ಮೂರು. ಫೋಟೋ ನೋಡಿ ಅಂಚೆಯಲ್ಲಿ ತರಿಸಿದ್ದೆ. ನವೆಂಬರ್‌ನಲ್ಲಿ ನೆಟ್ಟೆ, ಜನವರಿ ಕೊನೆಗೆ ಹೂ ಬಿಟ್ಟವು. ಬೀದಿಯವರೆಲ್ಲ ಬಂದು ನೋಡಿ ಹೋದರು. ಮರುವರ್ಷ ಗೇಣುದ್ದ ಚಿಗುರು ಬಂತು, ಮೊಗ್ಗು ಬರಲಿಲ್ಲ. ಅದರ ಮುಂದಿನ ವರ್ಷ ಮಣ್ಣು ಕೆದಕಿದರೆ ಒಳಗೆ ಏನೂ ಇರಲಿಲ್ಲ.

ನೀರು ಜಾಸ್ತಿ ಆಯಿತೇನೋ, ಗೊಬ್ಬರ ಸಾಲಲಿಲ್ಲವೇನೋ ಅಂತ ತುಂಬ ದಿನ ಕೊರಗಿದೆ. ಕಾರಣ ಅದಲ್ಲ. ನಿಜವಾದ ಲಿಲ್ಲಿ, ಅಂದರೆ ಲಿಲಿಯಂ ಕುಲದ್ದು, ಚಳಿ ನಾಡಿನ ಗಿಡ. ನಮ್ಮಲ್ಲಿ ಮಾರುವ ಅದರ ಗಡ್ಡೆಗಳು ಹೆಚ್ಚಾಗಿ ನೆದರ್ಲೆಂಡ್ಸ್‌ನಿಂದ ಬರುತ್ತವೆ. 2ರಿಂದ 5 ಡಿಗ್ರಿ ತಂಪಿನಲ್ಲಿ ಆರೆಂಟು ವಾರ ಮಲಗಿ ಎದ್ದರೆ ಚೆನ್ನಾಗಿ ಹೂ ಬಿಡುತ್ತವೆ. ಆ ನಿದ್ದೆಯನ್ನು ವ್ಯಾಪಾರಿಗಳು ಕೋಲ್ಡ್ ಸ್ಟೋರೇಜ್‌ನಲ್ಲಿ ಮಾಡಿಸಿ ಕಳಿಸಿರುತ್ತಾರೆ. ಅದಕ್ಕೇ ಮೊದಲ ವರ್ಷ ಹೂ. ಎರಡನೇ ವರ್ಷ ಚಿತ್ರದುರ್ಗದ ಮಣ್ಣಿನಲ್ಲಿ ಅಂಥ ತಂಪು ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ನಮ್ಮ ಬಂಡೆಗಳು ಕತ್ತಲಾದ ಮೇಲೂ ಕಾವು ಬಿಡುತ್ತಲೇ ಇರುತ್ತವೆ. ಒಂದು ವರ್ಷದ ಹೂ ಅಂತ ಗೊತ್ತಿದ್ದು ಕೊಂಡರೆ ಬೇಸರವಿಲ್ಲ. ಗೊತ್ತಿಲ್ಲದೆ ಕೊಂಡರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಹೆಸರುಗಳ ಬೆನ್ನು ಹತ್ತಿದೆ. ಲಿಲ್ಲಿ ಅಂತ ನಾವು ಕರೆಯುವ ಬಹುಪಾಲು ಗಿಡಗಳು ಲಿಲಿಯಂ ಅಲ್ಲ. ಅಮರಿಲ್ಲಿಸ್ ಅಂತ ಮಾರುವ ದೊಡ್ಡ ತುತ್ತೂರಿ ಹೂವಿನ ಗಿಡ ಹಿಪ್ಪಿಯಾಸ್ಟ್ರಂ. ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಅರಳುವ ರೈನ್ ಲಿಲ್ಲಿ ಜೆಫಿರಾಂಥಸ್. ಬಿಳಿ ಜೇಡದಂಥ ಸ್ಪೈಡರ್ ಲಿಲ್ಲಿ, ಕೆಂಪು ಚೆಂಡಿನಂಥ ಫುಟ್‌ಬಾಲ್ ಲಿಲ್ಲಿ, ಎತ್ತರಕ್ಕೆ ಬೆಳೆಯುವ ಕ್ರೈನಂ, ಇವೆಲ್ಲ ಅಮರಿಲ್ಲಿಡೇಸೀ ಕುಟುಂಬದವು. ನಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ಸಸ್ಯಶಾಸ್ತ್ರದವರು ಈಗ ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. ಇದನ್ನು ಓದಿದ ದಿನ ನನಗೆ ತುಂಬ ಖುಷಿಯಾಯಿತು. ಯಾಕೆಂದರೆ ಈರುಳ್ಳಿ ನನಗೆ ಗೊತ್ತು.

ನನ್ನ ತವರು ಚಳ್ಳಕೆರೆ ಕಡೆ. ಅಪ್ಪ ಮುಂಗಾರಿಗೆ ಈರುಳ್ಳಿ ಹಾಕುತ್ತಿದ್ದರು. ಎಲೆ ತಾನಾಗಿ ಬಾಗಿ ಮಲಗಿದ ಮೇಲೆಯೇ ಕೀಳುತ್ತಿದ್ದದ್ದು. ಕಿತ್ತು ಹೊಲದಲ್ಲೇ ಸಾಲಾಗಿ ಹರಡಿ ಒಣಗಿಸಬೇಕು. ಆಗ ಮಳೆ ಬಂದರೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಆರಿಸುವಾಗ ಅಪ್ಪ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. "ಕುತ್ತಿಗೆ ಒಣಗಿರಬೇಕು ಕಣವ್ವ. ಹಸಿ ಕುತ್ತಿಗೆದು ಒಂದಿದ್ರೆ ಸಾಕು, ಚೀಲದೊಳಗೆ ಪಕ್ಕದ್ದನ್ನೂ ಕೊಳೆಸುತ್ತೆ" ಅನ್ನುತ್ತಿದ್ದರು. ಇವತ್ತಿಗೂ ಅಮರಿಲ್ಲಿಸ್ ಗಡ್ಡೆ ಕೈಗೆ ಬಂದರೆ ನಾನು ಮೊದಲು ಕುತ್ತಿಗೆ ಒತ್ತುತ್ತೇನೆ. ಆಮೇಲೆ ತಿರುಗಿಸಿ ಬೇರು ಹೊರಡುವ ತಳ ನೋಡುತ್ತೇನೆ. ತಳ ಗಟ್ಟಿ ಇರಬೇಕು. ಕೈಯಲ್ಲಿಟ್ಟರೆ ಗಾತ್ರಕ್ಕೆ ತಕ್ಕ ತೂಕ ಇರಬೇಕು. ಹಗುರಾಗಿದ್ದರೆ ಒಳಗೆ ಸೊರಗಿದೆ ಅಂತ ಅರ್ಥ. ಮೂಗಿನ ಹತ್ತಿರ ಹಿಡಿದರೆ ಕೊಳೆತ ವಾಸನೆ ಬರಬಾರದು. ಸಿಪ್ಪೆಯ ಕೆಳಗೆ ರಕ್ತಗೆಂಪು ಗೀರು, ಮಚ್ಚೆ ಕಂಡರೆ ಅದು ಶಿಲೀಂಧ್ರ ರೋಗ ಇರಬಹುದು. ಎಷ್ಟೇ ಅಪರೂಪದ ಬಣ್ಣವಿದ್ದರೂ ನಾನು ಅದನ್ನು ಮುಟ್ಟುವುದಿಲ್ಲ. ಉಳಿದ ಗಿಡಗಳಿಗೂ ಹಬ್ಬುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಕುಟುಂಬ ಅಂದ ಮಾತ್ರಕ್ಕೆ ಇವು ತಿನ್ನುವ ಗಡ್ಡೆಗಳಲ್ಲ. ಅಮರಿಲ್ಲಿಸ್, ರೈನ್ ಲಿಲ್ಲಿ, ಕ್ರೈನಂ ಗಡ್ಡೆಗಳಲ್ಲಿ ವಿಷವಿದೆ, ತಿಂದರೆ ವಾಂತಿ, ಭೇದಿ ಆಗುತ್ತದೆ. ನೋಡಲು ಈರುಳ್ಳಿಯಂತೆಯೇ ಇರುವುದರಿಂದ ಅಡುಗೆಮನೆಯಲ್ಲಿ ಇಡಲೇಬೇಡಿ. ನಾನು ಅಟ್ಟದ ಮೇಲೆ ಬೇರೆ ಬುಟ್ಟಿಯಲ್ಲಿ ಹೆಸರು ಬರೆದು ಇಡುತ್ತೇನೆ.

ಫುಟ್‌ಬಾಲ್ ಲಿಲ್ಲಿ ನನಗೆ ಸಿಕ್ಕಿದ್ದು ಅಂಗಡಿಯಲ್ಲಲ್ಲ. ಒಂದು ಮೇ ತಿಂಗಳಲ್ಲಿ ಕೋಟೆ ಕಡೆಯ ಹಳೇ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಆಗತಾನೇ ಭರಣಿ ಮಳೆ ಒಂದು ಹದ ಬಿದ್ದಿತ್ತು. ಒಂದು ಮನೆಯ ಜಗಲಿ ಮೇಲೆ ಹಳೇ ಪೇಂಟ್ ಡಬ್ಬಿ. ಅದರಲ್ಲಿ ಎಲೆಯೇ ಇಲ್ಲದ ದಂಟುಗಳ ತುದಿಯಲ್ಲಿ ಏಳು ಕೆಂಪು ಚೆಂಡು. ಎಷ್ಟೋ ನರ್ಸರಿಗಳಲ್ಲಿ ಕೇಳಿ ಇಲ್ಲ ಅನ್ನಿಸಿಕೊಂಡಿದ್ದ ಹೂ ಅದು. ಒಳಗಿಂದ ಒಬ್ಬರು ಅಜ್ಜಿ ಬಂದರು.

"ಅಜ್ಜಿ, ಇದರದ್ದೊಂದು ಮರಿ ಕೊಡ್ತೀರಾ? ದುಡ್ಡು ಕೊಡ್ತೀನಿ" ಅಂದೆ.

"ಈಗ ಕಿತ್ರೆ ಸಾಯ್ತದೆ ಕಣವ್ವ. ಎಲೆ ಒಣಗಿದ ಮೇಲೆ ಬಾ. ಸಂಕ್ರಾಂತಿ ಕಳೀಲಿ."

ಎಲೆಯೇ ಇನ್ನೂ ಬಂದಿರಲಿಲ್ಲ! ಈ ಗಿಡದಲ್ಲಿ ಮೊದಲು ಹೂ, ಆಮೇಲೆ ಎಲೆ. ಮಳೆಗಾಲವೆಲ್ಲ ಎಲೆ ಬಿಸಿಲು ಕುಡಿದು ಗಡ್ಡೆಗೆ ಊಟ ಕಳಿಸುತ್ತದೆ. ಚಳಿಗಾಲಕ್ಕೆ ಹಳದಿಯಾಗಿ ಒಣಗುತ್ತದೆ. ಆಮೇಲೆ ಬೇಸಿಗೆ ಮಳೆಯವರೆಗೆ ನಿದ್ದೆ. ನಾವು ಅರಿಶಿನ, ಸುವರ್ಣಗಡ್ಡೆ ಕೀಳುವ ಲೆಕ್ಕವೇ ಇದು. ಹೂ ನೋಡಿದಾಗ ಆಸೆ ಹುಟ್ಟುತ್ತದೆ, ನಿಜ. ಆದರೆ ಕೊಳ್ಳುವ ಕಾಲ ಅದಲ್ಲ. ಅಜ್ಜಿ ಹೇಳಿದ ಆ ಒಂದು ಮಾತು ನಾನು ಆಮೇಲೆ ಓದಿದ್ದೆಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದೆ.

ಜನವರಿಯಲ್ಲಿ ಹೋದೆ. ಅಜ್ಜಿ ಗೋಣಿಚೀಲ ಹಾಸಿ ಡಬ್ಬಿ ಬೋರಲು ಹಾಕಿದರು. ಮೂರು ಗಡ್ಡೆ ಆರಿಸಿ ಕೊಟ್ಟರು. ದುಡ್ಡು ಮುಟ್ಟಲಿಲ್ಲ. ಮುಂದಿನ ಸಲ ನಾನು ಹಳದಿ ರೈನ್ ಲಿಲ್ಲಿಯ ಹತ್ತು ಗಡ್ಡೆ ಒಯ್ದು ಕೊಟ್ಟೆ. ಆ ಮೂರು ಈಗ ಇಪ್ಪತ್ತಕ್ಕೂ ಹೆಚ್ಚಾಗಿವೆ. ಅವನ್ನೇ ಕೊಟ್ಟು ಭರಮಸಾಗರದ ಗೆಳತಿಯಿಂದ ಗುಲಾಬಿ ಗೆರೆಯ ಕ್ರೈನಂ ತಂದೆ, ದಾವಣಗೆರೆಯ ಒಬ್ಬ ಮೇಷ್ಟರ ಮನೆಯಿಂದ ಎಲೆ ನಡುವೆ ಬಿಳಿ ಪಟ್ಟಿ ಇರುವ ಅಮರಿಲ್ಲಿಸ್ ತಂದೆ. ಅದಕ್ಕೇ ಹೇಳುವುದು, ಅಪರೂಪದ ಲಿಲ್ಲಿ ಬೇಕಾದರೆ ಏಪ್ರಿಲ್, ಮೇ ತಿಂಗಳಲ್ಲಿ ಹಳೇ ಬೀದಿಗಳಲ್ಲಿ ನಡೆಯಿರಿ. ಹೂ ನೋಡಿ, ಮನೆ ಗುರುತು ಇಟ್ಟುಕೊಳ್ಳಿ, ಮಾತಾಡಿಸಿ ಬನ್ನಿ. ಗಡ್ಡೆ ಕೇಳಲು ಎಂಟೊಂಬತ್ತು ತಿಂಗಳು ಬಿಟ್ಟು ಹೋಗಿ. ಕೊಡಲು ನಿಮ್ಮ ಕೈಯಲ್ಲೂ ಏನಾದರೂ ಇರಲಿ.

ದುಡ್ಡು ಕೊಟ್ಟು ಕೊಳ್ಳುವುದಕ್ಕೂ ದಾರಿಗಳಿವೆ. ಬೆಂಗಳೂರಿಗೆ ಹೋದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಅರ್ಧ ದಿನ ಕಳೆಯುತ್ತೇನೆ. ಜನವರಿಯ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹೋದರೆ ಮಳಿಗೆಗಳಲ್ಲಿ ಮಲಗಿದ ಗಡ್ಡೆಗಳೂ ಸಿಗುತ್ತವೆ. ಆಗಸ್ಟ್‌ನಲ್ಲಿ ಎಲೆ ತುಂಬಿದ ಕುಂಡಗಳೇ ಜಾಸ್ತಿ. ಉಳಿದದ್ದು ಅಂಚೆ ವ್ಯಾಪಾರ. ಕೇರಳದಲ್ಲಿ ಮನೆಯಲ್ಲೇ ಬೆಳೆಸಿ ಮಾರುವ ಹೆಣ್ಣುಮಕ್ಕಳು ಬಹಳ ಜನ ಇದ್ದಾರೆ, ರೈನ್ ಲಿಲ್ಲಿಯ ಹೊಸ ಹೊಸ ಮಿಶ್ರತಳಿ ನನಗೆ ಬಂದದ್ದು ಅವರಿಂದಲೇ. ಪಶ್ಚಿಮ ಬಂಗಾಳದ ಕಾಲಿಂಪಾಂಗ್ ಗಡ್ಡೆ ಹೂಗಳಿಗೆ ಮೊದಲಿಂದಲೂ ಹೆಸರಾದ ಊರು. ವಿದೇಶದಿಂದ ನೇರವಾಗಿ ತರಿಸುವ ಆಸೆ ಬೇಡ. ಆಮದು ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಎರಡೂ ಬೇಕು. ಇಲ್ಲದೆ ಬಂದ ಪೊಟ್ಟಣ ತಡೆಹಿಡಿಯುತ್ತಾರೆ.

ಅಂಚೆಯಲ್ಲಿ ಕೊಳ್ಳುವಾಗ ನಾನು ಮೋಸ ಹೋಗಿದ್ದೇನೆ. ನೀಲಿ ರೈನ್ ಲಿಲ್ಲಿ ಅಂತ ಫೋಟೋ, ಒಂದಕ್ಕೆ 150 ರೂಪಾಯಿ. ನಾಲ್ಕು ತರಿಸಿದೆ. ಮಳೆಗಾಲದಲ್ಲಿ ಅರಳಿದ್ದು ಸಾದಾ ಗುಲಾಬಿ, ನಮ್ಮ ಕಾಂಪೌಂಡಿನ ಪಕ್ಕ ಮೊದಲೇ ಇದ್ದದ್ದೇ. ಜೆಫಿರಾಂಥಸ್‌ನಲ್ಲಿ ಬಿಳಿ, ಗುಲಾಬಿ, ಹಳದಿ, ಪೀಚ್, ಕೆಂಪು, ಗೆರೆ ಬಣ್ಣ ಎಲ್ಲ ಇವೆ. ಆಕಾಶನೀಲಿ ಇಲ್ಲ. ಅಂಥ ಫೋಟೋ ಕಂಪ್ಯೂಟರಿನಲ್ಲಿ ಬಣ್ಣ ಬದಲಾಯಿಸಿದ್ದು. ಅವತ್ತಿನಿಂದ ದುಡ್ಡು ಕಳಿಸುವ ಮುಂಚೆ ಕೆಲವು ವಿಷಯ ಕೇಳಿಯೇ ಕೇಳುತ್ತೇನೆ. ಗಿಡದ ಪೂರ್ತಿ ಹೆಸರೇನು, ತಳಿ ಹೆಸರೇನು? ಇವತ್ತು ತೆಗೆದ ಗಡ್ಡೆಯ ಫೋಟೋ, ತಳ ಕಾಣುವ ಹಾಗೆ ಒಂದು ಕಳಿಸುತ್ತೀರಾ? ಹೂ ಬಿಡುವ ಗಾತ್ರದ್ದೋ, ಮರಿಯೋ? ಸುತ್ತಳತೆ ಎಷ್ಟು ಸೆಂಟಿಮೀಟರ್? ಈ ಕೊನೆಯದು ಮುಖ್ಯ. ಗಡ್ಡೆ ವ್ಯಾಪಾರದಲ್ಲಿ ದರ್ಜೆ ಮಾಡುವುದೇ ಸುತ್ತಳತೆಯಿಂದ. ದೊಡ್ಡ ಹೂವಿನ ಅಮರಿಲ್ಲಿಸ್ 20 ಸೆಂಟಿಮೀಟರ್ ದಾಟಿದ್ದರೆ ನಾನು ಧೈರ್ಯವಾಗಿ ಕೊಳ್ಳುತ್ತೇನೆ. ಹತ್ತು, ಹನ್ನೆರಡರ ಮರಿಯಾದರೆ ಹೂವಿಗೆ ಎರಡು ವರ್ಷ ಕಾಯಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಇರಬೇಕು, ಅಲ್ವಾ? ನಿಜವಾಗಿ ಬೆಳೆಸುವವರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಟೈಲರ್ ಟೇಪು ಸುತ್ತಿದ ಫೋಟೋವನ್ನೇ ಕಳಿಸುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಏನೂ ತರಿಸಬೇಡಿ. ಲಾರಿಯಲ್ಲಿ, ಗೋದಾಮಿನಲ್ಲಿ ಗಡ್ಡೆ ಬೆಂದು ಹೋಗುತ್ತದೆ. ಪ್ಲಾಸ್ಟಿಕ್ ಬೇಡ, ಒಣ ಪೇಪರಿನಲ್ಲಿ ಸುತ್ತಿ ತೂತಿರುವ ರಟ್ಟಿನ ಡಬ್ಬಿಯಲ್ಲಿ ಕಳಿಸಿ ಅಂತ ಮೊದಲೇ ಹೇಳಿ. ಲಿಲಿಯಂ ಮಾತ್ರ ಬೇರೆ. ಅದಕ್ಕೆ ಕಂದು ಸಿಪ್ಪೆಯ ಹೊದಿಕೆ ಇಲ್ಲ, ಬರೀ ಎಸಳುಗಳು. ಬೇಗ ಒಣಗುತ್ತದೆ. ಅದನ್ನು ಸ್ವಲ್ಪ ಒದ್ದೆ ಇರುವ ತೆಂಗಿನ ನಾರಿನ ಪುಡಿಯಲ್ಲಿ ಕಳಿಸಬೇಕು.

ಬಂದ ದಿನವೇ ನೆಡುವುದಿಲ್ಲ. ಬಿಚ್ಚಿ ಎರಡು ದಿನ ನೆರಳಿನಲ್ಲಿ ಗಾಳಿಗೆ ಇಡುತ್ತೇನೆ. ಕೊಳೆತ ಬೇರು ಕತ್ತರಿಸುತ್ತೇನೆ. ಕಾರ್ಬೆಂಡಜಿಂ ಅನ್ನುವ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಹಾಕಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮತ್ತೆ ಒಣಗಿಸುತ್ತೇನೆ, ಕೈಗೆ ಗ್ಲೌಸ್ ಹಾಕಿಕೊಂಡು. ಹೊಸ ಗಡ್ಡೆಯ ಕುಂಡ ಒಂದು ಮಳೆಗಾಲ ಉಳಿದವುಗಳಿಂದ ದೂರ. ಕೆಮ್ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮ ಸಮ. ಅಮರಿಲ್ಲಿಸ್‌ನ ಕುತ್ತಿಗೆ, ಭುಜ ಮಣ್ಣಿನ ಮೇಲೆ ಕಾಣುವಂತಿರಬೇಕು. ರೈನ್ ಲಿಲ್ಲಿ ಎರಡು ಬೆರಳು ಆಳ ಸಾಕು. ಎರೆ ಮಣ್ಣಿನ ಹಿತ್ತಲಿದ್ದರೆ ಕುಂಡದಲ್ಲೇ ಬೆಳೆಸುವುದು ಒಳ್ಳೆಯದು, ಮಳೆಗಾಲದಲ್ಲಿ ನೀರು ನಿಂತು ಕೊಳೆಯುತ್ತವೆ. ಕ್ರೈನಂ ಒಂದು ಅದನ್ನೂ ತಡೆದುಕೊಳ್ಳುತ್ತದೆ.

ಗೌರಿ ಹೂವಿನ ಬಗ್ಗೆ ಹೇಳದೆ ಮುಗಿಸಲು ಮನಸ್ಸಿಲ್ಲ. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ, ಇಂಗ್ಲಿಷ್‌ನಲ್ಲಿ ಗ್ಲೋರಿಯೋಸಾ ಲಿಲ್ಲಿ. ಗೌರಿ ಹಬ್ಬದ ಸುಮಾರಿಗೆ ಬೇಲಿ ಮೇಲೆ ಹಬ್ಬಿ ಬೆಂಕಿಯ ನಾಲಿಗೆಯಂತೆ ಅರಳುತ್ತದೆ. ಕಾಡಿನಲ್ಲಿ ಕಂಡರೆ ದಯವಿಟ್ಟು ಕೀಳಬೇಡಿ. ನಮ್ಮ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ವನ್ಯಜೀವಿ ಧಾಮ, ಅಲ್ಲಿಂದ ತರುವುದು ಅಪರಾಧ. ಔಷಧಿ ಕಂಪನಿಗಳಿಗೆ ಬೀಜ ಮಾರಲು ತಮಿಳುನಾಡಿನಲ್ಲಿ ಇದನ್ನು ಬೆಳೆಯಾಗಿಯೇ ಬೆಳೆಸುತ್ತಾರೆ, ಆ ಕಡೆಯಿಂದ ಗಡ್ಡೆ ಕೊಳ್ಳಲು ಸಿಗುತ್ತದೆ. ಕವಣೆ ಕೋಲಿನಂತೆ ಎರಡು ಕೈ ಇರುವ ಗಡ್ಡೆ. ಮೊಳಕೆ ಬರುವುದು ಕೈಗಳ ತುದಿಯಿಂದ ಮಾತ್ರ. ತುದಿ ಮುರಿದಿದ್ದರೆ ಗಡ್ಡೆ ಎಷ್ಟೇ ದಪ್ಪವಿದ್ದರೂ ಉಪಯೋಗವಿಲ್ಲ. ನಾನು ಕೊಂಡ ಐದರಲ್ಲಿ ಎರಡರ ತುದಿ ದಾರಿಯಲ್ಲೇ ಮುರಿದಿತ್ತು. ಈಗ ಪ್ರತಿ ತುದಿಗೂ ಹತ್ತಿ ಸುತ್ತಿ ಕಳಿಸಿ ಅಂತ ಕೇಳುತ್ತೇನೆ. ಇದರಲ್ಲಿರುವ ಕೋಲ್ಚಿಸಿನ್ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಇದನ್ನು ಯಾವತ್ತೂ ಕೊಟ್ಟಿಲ್ಲ.

ಈ ಸಂಕ್ರಾಂತಿ ಕಳೆದ ಮೇಲೆ ಫುಟ್‌ಬಾಲ್ ಲಿಲ್ಲಿಯ ಎರಡು ಕುಂಡ ಬಿಚ್ಚಬೇಕು. ಆರು ಮರಿಗಳಿಗೆ ಆಗಲೇ ಜನ ಹೇಳಿಟ್ಟಿದ್ದಾರೆ. ಮೊನ್ನೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ಗೇಟಿನ ಹತ್ತಿರ ನಿಂತು, "ಆಂಟಿ, ಈಗಲೇ ಒಂದು ಕೊಡ್ತೀರಾ?" ಅಂದಳು. ಎಲೆ ಇನ್ನೂ ಹಸಿರಾಗಿತ್ತು. ಅಜ್ಜಿ ನನಗೆ ಹೇಳಿದ್ದನ್ನೇ ಅವಳಿಗೆ ಹೇಳಿ, ಅವಳ ಹೆಸರು ಬರೆದ ಚೀಟಿಯನ್ನು ಕುಂಡಕ್ಕೆ ಅಂಟಿಸಿದ್ದೇನೆ.