ಪಟ್ಟಾಯದಲ್ಲಿ ಎಂಜಿನ್ ಕಿರುಚುತ್ತಿತ್ತು, ಜೆಟ್ ಸ್ಕೀ ಮಾತ್ರ ಓಡುತ್ತಿರಲಿಲ್ಲ

ಥಾಯ್ಲೆಂಡಿನ ಪಟ್ಟಾಯ ಹತ್ತಿರ ಜೊಮ್ಟಿಯೆನ್ ಬೀಚ್‌ನಲ್ಲಿ ಜೆಟ್ ಸ್ಕೀ ರೇಸ್, ಅಂದರೆ ನೀರಿನ ಮೇಲೆ ಓಡುವ ಬೈಕಿನಂಥ ಗಾಡಿಗಳ ರೇಸ್. ಬಾಗಲಕೋಟೆಯ ಹಿನ್ನೀರಲ್ಲಿ ಕಲಿತವನಿಗೆ ಸಮುದ್ರದ ಅಲೆ ತಲೆನೋವು ಅಂದುಕೊಂಡಿದ್ದೆ, ಆದರೆ ಕೈಕೊಟ್ಟಿದ್ದು ಬಾಡಿಗೆ ಗಾಡಿ. ತಿರುವು ದಾಟಿ ಥ್ರಾಟಲ್ ಒತ್ತಿದರೆ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರುತ್ತೆ, ಗಾಡಿ ಅಲ್ಲೇ. ಪ್ಲಗ್ ಬದಲಿಸು, ಪೆಟ್ರೋಲ್ ಬದಲಿಸು ಅಂತ ಸುತ್ತಲಿನವರು ಹೇಳಿದ್ದೇ ಹೇಳಿದ್ದು. ಎಂಜಿನ್ ಚೆನ್ನಾಗೇ ತಿರುಗುತ್ತಿದೆ, ಪ್ಲಗ್ ಏನು ಮಾಡೀತು ಅಲ್ವಾ?

ಊರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಕಾಕಾಗೆ ಫೋನ್ ಹಚ್ಚಿದೆ. "ಇಂಪೆಲ್ಲರ್ ಸುತ್ತ ಸಂದು ಬಿದ್ದದೇನು ನೋಡೋ ತಮ್ಮಾ" ಅಂದರು. ಇಂಪೆಲ್ಲರ್ ಅಂದರೆ ನೀರನ್ನು ಎಳೆದು ಹಿಂದಕ್ಕೆ ತಳ್ಳುವ ಫ್ಯಾನ್. ಗಾಡಿಯನ್ನು ದಡಕ್ಕೆ ಎಳೆದು, ಕೀ ತೆಗೆದಿಟ್ಟು, ಟಾರ್ಚ್ ಬಿಟ್ಟು ನೋಡಿದೆ. ಇಂಪೆಲ್ಲರ್ ಸುತ್ತ ಬಳೆಯಂತೆ ಕೂರುವ ವೇರ್ ರಿಂಗ್ ಒಳಗೆಲ್ಲ ಮರಳು ಕೊರೆದ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ನೀರು ರಭಸವಾಗಿ ಹಿಂದಕ್ಕೆ ಚಿಮ್ಮುವ ಬದಲು ಆ ಸಂದಿಯಲ್ಲೇ ಸೋರಿ ಗುಳ್ಳೆ ಏಳುತ್ತಿತ್ತು. ಹೊಸ ರಿಂಗ್ ಹಾಕಿಸಿದೆ, ಗಾಡಿ ಒಂದೇ ಏಟಿಗೆ ಚಿಮ್ಮಿತು.

ಈಗ ಸೊಂಟಮಟ್ಟ ನೀರಿಗೆ ತಳ್ಳಿದ ಮೇಲೇ ಸ್ಟಾರ್ಟ್ ಮಾಡುತ್ತೇನೆ, ಮರಳು ಒಳಗೆ ಎಳೆಯಬಾರದಲ್ಲ. ಉಪ್ಪು ನೀರಿಂದ ಬಂದ ಕೂಡಲೇ ಎಂಜಿನ್ ತಂಪು ಮಾಡುವ ನೀರಿನ ದಾರಿಯನ್ನು ಸಿಹಿ ನೀರಲ್ಲಿ ತೊಳೆಯುವುದೂ ಇದೆ. ನಾನು ಓಡಿಸುವ ಗಾಡಿಯಲ್ಲಿ ಮೊದಲು ಎಂಜಿನ್ ಚಾಲೂ, ಆಮೇಲೆ ಪೈಪಿನ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್. ಉಲ್ಟಾ ಮಾಡಿದರೆ ನೀರು ಎಂಜಿನ್ ಒಳಗೇ ನುಗ್ಗಬಹುದು.